ರೇಲಿನ ಸೀಟಿಯೂ ಊರಿನ ನಿದ್ರೆಯೂ

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯಂತೆ, ರೇಲು ಬಂದ ಊರಿಗೆ ಅದರ ಕೂಗೂ ಬಂದೇ ಬರುತ್ತದೆ. ಆದರೆ ಹಳಿಗಳ ಮಗ್ಗುಲಿಗೇ ಬಡಾವಣೆಗಳು ಬೆಳೆದು ನಿಂತಿರುವ ಈ ದಿನಗಳಲ್ಲಿ ಆ ಕೂಗು ನೆರೆಹೊರೆಯವರನ್ನು ಎರಡು ಪಕ್ಷಗಳಾಗಿ ಒಡೆಯುವ ಪ್ರಶ್ನೆಯಾಗಿ ಪರಿಣಮಿಸಿದೆ. ನಡುರಾತ್ರಿಯಲ್ಲಿ ಬೆಚ್ಚಿ ಏಳುವ ಕೂಸಿನ ತಾಯಿಯೂ, ನಿದ್ದೆಗೆಟ್ಟ ರೋಗಿಯೂ, ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿಯೂ ಸೀಟಿಯನ್ನು ನಿಲ್ಲಿಸಬೇಕೆನ್ನುತ್ತಾರೆ. ಅದೇ ಓಣಿಯಲ್ಲಿ ವಾಸಿಸುತ್ತ, ನಸುಕಿನಲ್ಲಿ ಹಳಿಗಳನ್ನು ದಾಟಿ ಕೂಲಿಗೆ ಹೋಗುವವನೂ, ಹಾಲು ಮಾರುವವನೂ, ಮಕ್ಕಳನ್ನು ಆಚೆಯ ಶಾಲೆಗೆ ಕಳುಹಿಸುವ ತಂದೆಯೂ ಅದು ನಿಂತರೆ ತಮ್ಮ ಪ್ರಾಣಕ್ಕೆ ಹೊಣೆ ಯಾರೆಂದು ಕೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಆದುದರಿಂದಲೇ ಈ ವಿಷಯವನ್ನು ನಗೆಯಾಡಿ ತಳ್ಳಿಬಿಡುವುದು ಉಚಿತವಲ್ಲ.

ನಮ್ಮ ಜಿಲ್ಲೆಗೆ ರೇಲು ಸುಲಭವಾಗಿ ದೊರೆತ ವಸ್ತುವಲ್ಲ. ವಿಕಾರಾಬಾದಿನಿಂದ ಬೀದರಕ್ಕೆ ಹಳಿ ಬಂದುದು ನಿಜಾಮರ ಆಳ್ವಿಕೆಯಲ್ಲಿ, ೧೯೩೦ರ ಸುಮಾರಿಗೆ. ಅಲ್ಲಿಂದ ಅದು ಭಾಲ್ಕಿ, ಕಮಲನಗರ, ಉದಗೀರಗಳ ಮೇಲೆ ಹಾಯ್ದು ಪರಳಿ ವೈಜನಾಥವನ್ನು ಮುಟ್ಟಿತು. ನೆರೆಯ ಕಲಬುರ್ಗಿಗೆ ನೇರ ದಾರಿಯು ೧೯೯೭-೯೮ರಲ್ಲಿ ಮಂಜೂರಾದರೂ, ಆ ೧೧೦ ಕಿಲೋಮೀಟರಿನ ದಾರಿಯು ಪೂರ್ತಿಗೊಂಡು ಉದ್ಘಾಟನೆಯಾದುದು ೨೦೧೭ನೆಯ ಅಕ್ಟೋಬರ ೨೯ರಂದು. ಇಪ್ಪತ್ತು ವರ್ಷ ಕಾದು ಪಡೆದ ಗಾಡಿಯ ಸೀಟಿಯು ಕೆಲವರ ಕಿವಿಗೆ ಮಂಗಳವಾದ್ಯದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಔರಾದ ಪಟ್ಟಣದವರಿಗಂತೂ ಆ ಭಾಗ್ಯವೂ ಇಲ್ಲ. ಹಿಂದೆ ತಮ್ಮ ತಾಲೂಕಿಗೇ ಸೇರಿದ್ದ ಕಮಲನಗರದಲ್ಲಿ ಸ್ಟೇಷನ್ನಿದ್ದರೂ, ಅವರ ಊರಿನ ಮೇಲೆ ಹಾಯುವ ಬೀದರ-ನಾಂದೇಡ ದಾರಿಯು ಬಹುಕಾಲದ ಬೇಡಿಕೆಯಾಗಿಯೇ ಉಳಿದಿದೆ. ಒಂದು ಊರಿನವರು ಕೂಗು ಬೇಡವೆನ್ನುವಾಗ ಮತ್ತೊಂದು ಊರಿನವರು ಅದಕ್ಕಾಗಿಯೇ ಹಂಬಲಿಸುವುದು ವಿಚಿತ್ರವಾದರೂ ದಿಟವು.

ಆದರೂ ಹಳಿಯ ಬದಿಗೆ ಮನೆ ಕಟ್ಟಿದವನು ಸದ್ದನ್ನು ಸಹಿಸಲೇಬೇಕೆಂದು ಗದರಿಸುವವರ ವಾದವನ್ನು ನಾವು ಒಪ್ಪಲಾರೆವು. ಬಡವನು ನಿವೇಶನವನ್ನು ಆರಿಸುವುದಿಲ್ಲ. ಅಗ್ಗವಾದುದು ದೊರೆತೆಡೆ ಸೂರು ಮಾಡಿಕೊಳ್ಳುತ್ತಾನೆ. ಅಲ್ಲಿ ಬಡಾವಣೆಗೆ ಒಪ್ಪಿಗೆ ಕೊಟ್ಟು, ಕರ ವಸೂಲು ಮಾಡಿದವರು ಆಡಳಿತದವರೇ ಅಲ್ಲವೆ? ಇದಲ್ಲದೆ ಕಾಯದೆಯ ಬಲವೂ ಅವನಿಗಿದೆ. ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಯ ಪ್ರದೇಶದಲ್ಲಿ ಹಗಲು ೫೫, ರಾತ್ರಿ ೧೦ರಿಂದ ಬೆಳಗಿನ ೬ರ ವರೆಗೆ ೪೫ ಡೆಸಿಬೆಲ್ ಮೀರಕೂಡದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಣ ನೂರು ಮೀಟರು ನಿಶ್ಶಬ್ದ ವಲಯದಲ್ಲಿ ಈ ಮಿತಿಗಳು ೫೦ ಮತ್ತು ೪೦. ವಿಶ್ವ ಆರೋಗ್ಯ ಸಂಸ್ಥೆಯು ಯುರೋಪಿನ ದೇಶಗಳಿಗೆ ೨೦೧೮ರಲ್ಲಿ ಕೊಟ್ಟ ಸಲಹೆಯಲ್ಲಿ ರೇಲಿನ ರಾತ್ರಿಯ ಸದ್ದಿಗೆ ೪೪ ಡೆಸಿಬೆಲ್ಲಿನ ಎಲ್ಲೆಯನ್ನು ಹಾಕಿದೆ. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿಯು ಹತ್ತುಪಟ್ಟಾಗುವುದೆಂಬುದನ್ನು ನೆನೆದರೆ ಈ ಅಂಕೆಗಳ ಮಹತ್ವವು ತಿಳಿಯುವುದು. ನಿದ್ರೆಯು ಸಿರಿವಂತನ ಸೊಗಸಲ್ಲ. ಮರುದಿನ ದುಡಿಯಬೇಕಾದವನ ಬಂಡವಾಳ.

ಇನ್ನು ಗಾಡಿಯನ್ನು ನಡೆಸುವವನ ಸ್ಥಿತಿಯನ್ನು ನೋಡೋಣ. ಆತನು ಹುಮ್ಮಸ್ಸಿಗಾಗಿ ಸೀಟಿ ಊದುವುದಿಲ್ಲ. ಫಾಟಕವು ಸಮೀಪಿಸುವಾಗ ದಾರಿಯ ಬದಿಗೆ ನೆಟ್ಟ ಸೀಟಿಯ ಫಲಕವನ್ನು ಕಂಡೊಡನೆ ಊದಬೇಕು. ತಿರುವಿನಲ್ಲಿ, ಮಂಜಿನಲ್ಲಿ, ಹಳಿಯ ಮೇಲೆ ಜನವೋ ದನವೋ ಕಂಡಾಗ ಊದಬೇಕು. ಇದು ಆತನ ನಿಯಮ. ಭಾರವಾದ ಗಾಡಿಯು ತಡೆ ಹಾಕಿದೊಡನೆ ನಿಲ್ಲುವುದಿಲ್ಲ. ಬಹು ದೂರ ಉರುಳಿಯೇ ನಿಲ್ಲುವುದು. ಹೀಗಿರುವಲ್ಲಿ ಆತನ ಕೈಯೊಳಗಿರುವ ಕಾಪು ಸೀಟಿಯೊಂದೇ. ಯಾರಾದರೂ ಸತ್ತರೆ, ವಿಚಾರಣೆಯ ದಿನ ಸೀಟಿ ಊದಿದೆಯೋ ಇಲ್ಲವೋ ಎಂದೇ ಆತನನ್ನು ಕೇಳುವರು. ಯಾರ ನಿದ್ರೆ ಕೆಟ್ಟಿತೆಂದು ಕೇಳುವವರಿಲ್ಲ.

ನಮ್ಮ ಗಡಿಯಾಚೆಯ ಮೆದಕ ಜಿಲ್ಲೆಯ ಮಾಸಾಯಿಪೇಟೆಯನ್ನು ಮರೆತವರಾರು? ೨೦೧೪ನೆಯ ಜುಲೈ ೨೪ರ ಬೆಳಿಗ್ಗೆ ಕಾವಲಿಲ್ಲದ ಫಾಟಕದಲ್ಲಿ ಶಾಲೆಯ ಬಸ್ಸಿಗೆ ನಾಂದೇಡ-ಸಿಕಂದರಾಬಾದ ಗಾಡಿಯು ಬಡಿದು ಹನ್ನೆರಡಕ್ಕೂ ಮಿಕ್ಕ ಮಕ್ಕಳು ಅಸುನೀಗಿದರು. ೨೦೧೯ರ ಆರಂಭದ ಹೊತ್ತಿಗೆ ದೇಶದ ದೊಡ್ಡ ಹಳಿಗಳ ಮೇಲಿನ ಕಾವಲಿಲ್ಲದ ಫಾಟಕಗಳನ್ನು ರೇಲ್ವೆಯು ಇಲ್ಲವಾಗಿಸಿದುದು ಶ್ಲಾಘ್ಯವೇ. ಆದರೆ ಫಾಟಕಗಳು ಹೋದರೂ ಕಾಲುದಾರಿಗಳು ಹೋಗಲಿಲ್ಲ. ಫಾಟಕಕ್ಕೆ ಬದಲಾಗಿ ಹಳಿಯ ಕೆಳಗೆ ತೋಡಿದ ದಾರಿಯಲ್ಲಿ ಮಳೆಗಾಲದ ನೀರು ನಿಂತರೆ, ಜನರು ಮತ್ತೆ ಹಳಿಯ ಮೇಲೆಯೇ ಹತ್ತುತ್ತಾರೆ. ೧೯೮೯ರ ರೇಲ್ವೆ ಕಾಯದೆಯು ಇದಕ್ಕೆ ಆರು ತಿಂಗಳ ಸೆರೆಯನ್ನೋ ಸಾವಿರ ರೂಪಾಯಿ ದಂಡವನ್ನೋ ವಿಧಿಸಬಹುದೆನ್ನುತ್ತದೆ. ಆದರೆ ಬೇರೆ ದಾರಿಯನ್ನೇ ಕೊಡದೆ ದಂಡವನ್ನು ಮಾತ್ರ ತೋರಿಸುವುದು ನ್ಯಾಯವಾಗದು.

ಪರದೇಶಗಳ ಅನುಭವವು ಇಲ್ಲಿ ನಮಗೆ ದಾರಿದೀಪವಾಗಬಲ್ಲದು. ಅಮೇರಿಕದ ಫ್ಲಾರಿಡಾ ಪ್ರಾಂತದಲ್ಲಿ ೧೯೮೪ರಿಂದ ಊರಿನವರ ಮಾತಿಗೆ ಓಗೊಟ್ಟು, ಒಂದು ರೇಲ್ವೆಯ ದಾರಿಯ ಫಾಟಕಗಳಲ್ಲಿ ರಾತ್ರಿಯ ಸೀಟಿಯನ್ನು ನಿಷೇಧಿಸಲು ಅವಕಾಶ ಕೊಟ್ಟರು. ಫಲವೇನು? ನಿಷೇಧವಿದ್ದ ಫಾಟಕಗಳಲ್ಲಿ ರಾತ್ರಿಯ ಅಪಘಾತಗಳು ಸುಮಾರು ಮೂರು ಪಟ್ಟಾದವು. ೧೯೯೧ರಲ್ಲಿ ಕೇಂದ್ರದ ಅಧಿಕಾರಿಗಳು ನಿಷೇಧವನ್ನು ರದ್ದು ಮಾಡಿದ ಮೇಲೆ ಅವು ಮತ್ತೆ ಇಳಿದವು. ೨೦೦೫ರ ಅಲ್ಲಿಯ ನಿಯಮವು ಬುದ್ಧಿವಂತಿಕೆಯದು: ಫಾಟಕವನ್ನು ಹೆಚ್ಚಿನ ಅಡ್ಡಗಂಬಗಳಿಂದಲೋ ರಸ್ತೆಯ ನಡುಗಟ್ಟೆಗಳಿಂದಲೋ ಭದ್ರಪಡಿಸಿದ ಊರಿಗೆ ಮಾತ್ರ ಮೌನದ ವರವು ದೊರೆಯುವುದು. ಬ್ರಿಟನ್ನಿನಲ್ಲಿಯೂ ೨೦೦೭ರಲ್ಲಿ ರಾತ್ರಿ ೧೧ರಿಂದ ಬೆಳಗಿನ ೭ರ ವರೆಗೆ ಸೀಟಿಯ ಫಲಕಗಳ ಬಳಿ ಮೌನವಿರಬೇಕೆಂದರು. ೨೦೧೬ರಲ್ಲಿ ಅದನ್ನು ನಡುರಾತ್ರಿಯಿಂದ ಬೆಳಗಿನ ೬ಕ್ಕೆ ಇಳಿಸಿದರು. ಬರಿಯ ಆಜ್ಞೆಯಿಂದ ಪಡೆದ ಮೌನಕ್ಕೆ ಜನರು ಪ್ರಾಣದ ಬೆಲೆ ತೆರಬೇಕಾಗುವುದು. ಕಲ್ಲು, ಕಬ್ಬಿಣ, ಗೋಡೆ, ಸೇತುವೆಗಳಿಂದ ಪಡೆದ ಮೌನವೇ ನಿಲ್ಲುವಂತಹದು.

ಆದಕಾರಣ ಸೀಟಿ ಬೇಕೋ ಬೇಡವೋ ಎಂದು ಓಣಿಯ ಜನರು ಪರಸ್ಪರ ಜಗಳಾಡುವುದು ವ್ಯರ್ಥವು. ಯಾವೆಡೆ ಸೀಟಿಯ ಅವಶ್ಯಕತೆಯೇ ಇಲ್ಲದಂತೆ ಮಾಡಬಹುದೆಂದು ಇಬ್ಬರೂ ಕೂಡಿಯೇ ಅಧಿಕಾರಿಗಳನ್ನು ಕೇಳಬೇಕು. ದಕ್ಷಿಣ ಮಧ್ಯ ರೇಲ್ವೆಯ ಸಿಕಂದರಾಬಾದ ವಿಭಾಗದವರೂ ನಮ್ಮ ಜಿಲ್ಲಾಡಳಿತದವರೂ ಬೀದರ, ಭಾಲ್ಕಿಗಳ ಊರೊಳಗಿನ ಹಳಿಗಳ ಉದ್ದಕ್ಕೂ ಒಟ್ಟಿಗೆ ನಡೆದು ನೋಡಲಿ. ಯಾವ ಸೀಟಿಯ ಫಲಕವು ಏತಕ್ಕಾಗಿ ನಿಂತಿದೆ? ಫಾಟಕವು ಮುಚ್ಚಿದ ಮೇಲೂ ಫಲಕವು ಉಳಿದಿದೆಯೆ? ಜನರು ಎಲ್ಲೆಲ್ಲಿ ಹಳಿ ದಾಟುತ್ತಾರೆ? ಅಲ್ಲಿ ಕಾಲುಸೇತುವೆಯನ್ನು ಕಟ್ಟಲಿ, ಉಳಿದೆಡೆ ಗೋಡೆಯೆಬ್ಬಿಸಲಿ. ಕೆಳದಾರಿಗಳ ನೀರು ಹರಿದುಹೋಗುವಂತೆ ಮಾಡಲಿ. ರಾತ್ರಿಯ ಸದ್ದನ್ನು ಯಂತ್ರದಿಂದ ಅಳೆದು ಅಂಕೆಗಳನ್ನು ಜನರ ಮುಂದಿಡಲಿ. ಅಷ್ಟಾಗುವವರೆಗೆ ಚಾಲಕನ ಕೈಯನ್ನು ಯಾರೂ ಕಟ್ಟಕೂಡದು. ಅಷ್ಟಾದ ಮೇಲೆಯೂ ಕಾರಣವಿಲ್ಲದೆ ಊದಿದರೆ, ಆಗ ದೂರುವುದಕ್ಕೆ ನಾಗರಿಕನಿಗೆ ಪೂರ್ಣ ಅಧಿಕಾರವಿರುವುದು.

ಔರಾದದವರಿಗೂ ಒಂದು ಮಾತು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕುವುದು ಜಾಣತನವಲ್ಲ. ನಿಮ್ಮ ದಾರಿಯ ಗುರುತು ನೆಲದ ಮೇಲೆ ಬೀಳುವ ಮೊದಲೇ, ಹಳಿಯಿಂದ ಮನೆಗಳು ಎಷ್ಟು ದೂರವಿರಬೇಕು, ರಸ್ತೆಗಳು ಎಲ್ಲಿ ಮೇಲೆ, ಎಲ್ಲಿ ಕೆಳಗೆ ದಾಟಬೇಕು, ಶಾಲೆ ಆಸ್ಪತ್ರೆಗಳು ಯಾವ ಕಡೆಗಿರಬೇಕು ಎಂಬುದನ್ನು ನಕಾಶೆಯಲ್ಲಿಯೇ ಗೊತ್ತುಪಡಿಸಿಕೊಳ್ಳಿರಿ. ಕಾಗದದ ಮೇಲೆ ಒಂದು ಗೆರೆಯನ್ನು ಸರಿಸುವುದಕ್ಕೆ ಖರ್ಚಿಲ್ಲ. ಊರು ಬೆಳೆದ ಮೇಲೆ ಒಂದು ಗೋಡೆಯನ್ನು ಸರಿಸುವುದೂ ಕಷ್ಟ.

ಮಲಗಿದವನ ನಿದ್ರೆ, ದಾಟುವವನ ಪ್ರಾಣ ಎರಡನ್ನೂ ಕಾಯುವುದು ಆಡಳಿತದ ಧರ್ಮವು. ಒಂದನ್ನು ಕಾಯ್ದು ಮತ್ತೊಂದನ್ನು ಬಲಿಗೊಡುವುದು ಸುಲಭದ ದಾರಿ. ಆ ಸುಲಭದ ದಾರಿಯನ್ನು ನಮ್ಮ ಅಧಿಕಾರಿಗಳು ಹಿಡಿಯಲಾರರೆಂದು ನಾವು ನಂಬುತ್ತೇವೆ.