4ಕೆ ಎಂದರೆ ಸಾಲದು, ಮೋಡ್ ಯಾವುದು?

ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ಮುಗಿಯುತ್ತಿದ್ದಂತೆ ಆರ್.ಟಿ. ನಗರದ ನಮ್ಮ ಸ್ಟುಡಿಯೊಗೆ ಜನ ವಿಡಿಯೊ ಹಿಡಿದುಕೊಂಡು ಬರುತ್ತಾರೆ. ‘ಸಾರ್, 4ಕೆಯಲ್ಲೇ ತೆಗೆದಿದ್ದೀನಿ, ವಿಮಾನ ಯಾಕೆ ಎಗರೆಗರಿ ಹೋಗ್ತಿದೆ?’

ಮದುವೆ ವಿಡಿಯೊ ತೆಗೆದೇ ಬದುಕು ಕಟ್ಟಿಕೊಂಡವನಾಗಿ ನಾನು ಹೇಳುವುದಿಷ್ಟು: ಚಿತ್ರದ ಗುಣಮಟ್ಟ ಡಬ್ಬದ ಮೇಲಿನ ಅಂಕಿಯಲ್ಲಿಲ್ಲ, ನಾವು ಆರಿಸುವ ಮೋಡ್‌ನಲ್ಲಿದೆ. 4ಕೆ ಅಂದರೆ ಒಂದು ಫ್ರೇಮಿನಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಸೆಕೆಂಡಿಗೆ ಎಷ್ಟು ಫ್ರೇಮ್, ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಸೂರ್ಯಕಿರಣ ತಂಡದ ಹಾಕ್ ವಿಮಾನ ರೊಯ್ಯನೆ ಹಾದುಹೋಗುವಾಗ 25 ಫ್ರೇಮ್‌ನ 4ಕೆಗಿಂತ 50 ಫ್ರೇಮ್‌ನ ಫುಲ್ ಎಚ್‌ಡಿಯೇ ನನಗೆ ಮೇಲು. ಚುಕ್ಕಿ ಕಾಲುಭಾಗವಾದರೂ ಚಲನೆ ನಯವಾಗಿರುತ್ತದೆ.

ಯಶವಂತಪುರದ ಕಲ್ಯಾಣ ಮಂಟಪಕ್ಕೆ ಬಂದರೆ ತೊಂದರೆ ಬೇರೆ. ನಮ್ಮ ಕರೆಂಟು 50 ಹರ್ಟ್ಸ್. ಅದರಿಂದ ಉರಿಯುವ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅದು ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. 30 ಅಥವಾ 60 ಫ್ರೇಮ್‌ನಲ್ಲಿ ಬಿಟ್ಟರೆ ಧಾರೆಯ ಹೊತ್ತಿಗೆ ಹಿಂದಿನ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ತೆವಳುತ್ತವೆ. 25 ಅಥವಾ 50 ಫ್ರೇಮ್‌ಗೆ ತಂದು, ಶಟರನ್ನು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ ನಿಲ್ಲಿಸಿದರೆ ಆ ಪಟ್ಟಿ ಮಾಯ.

ಇನ್ನು ಜಾಗ ಉಳಿಸುವ ಎಲ್‌ಪಿ ಮೋಡ್. ಮಿನಿ ಡಿವಿ ಕ್ಯಾಸೆಟ್ ಕಾಲದಲ್ಲಿ ಮಾಮೂಲಿ ವೇಗದ ಎಸ್‌ಪಿ ಮೋಡ್‌ನಲ್ಲಿ 60 ನಿಮಿಷ ಓಡುವ ಕ್ಯಾಸೆಟ್ ಎಲ್‌ಪಿಯಲ್ಲಿ 90 ನಿಮಿಷ ಬರುತ್ತಿತ್ತು. ಎರಡರಲ್ಲೂ ದಾಖಲಾಗುತ್ತಿದ್ದ ಚಿತ್ರ ಒಂದೇ. ಆದರೆ ಎಲ್‌ಪಿಯಲ್ಲಿ ಟೇಪು ನಿಧಾನವಾಗಿ ಓಡಿ, ಅದರ ಮೇಲಿನ ಗೆರೆಗಳು ಸಣ್ಣಗಾಗುತ್ತಿದ್ದವು. ಒಂದು ಕ್ಯಾಮೆರಾದಲ್ಲಿ ತೆಗೆದ ಎಲ್‌ಪಿ ಕ್ಯಾಸೆಟ್ ಇನ್ನೊಂದರಲ್ಲಿ ಸರಿಯಾಗಿ ಓಡುವ ಭರವಸೆ ಇರಲಿಲ್ಲ. 2006ರಲ್ಲಿ ಸೋನಿ, ಪ್ಯಾನಸೋನಿಕ್ ಸೇರಿ ತಂದ ಎವಿಸಿಎಚ್‌ಡಿ ಎಂಬ ವಿಡಿಯೊ ಮಾದರಿಯಲ್ಲಿ ಎಲ್‌ಪಿ ಚಿತ್ರಕ್ಕೇ ಕತ್ತರಿ ಹಾಕಿತು. ಸೆಕೆಂಡಿಗೆ 24 ಮೆಗಾಬಿಟ್ ಬರೆಯಬಲ್ಲ ಹ್ಯಾಂಡಿಕ್ಯಾಮ್ ಎಲ್‌ಪಿಯಲ್ಲಿ ಸುಮಾರು 5 ಮೆಗಾಬಿಟ್ ಬರೆಯುತ್ತಿತ್ತು. ಸುಮ್ಮನೆ ಕುಳಿತವರ ಮುಖದಲ್ಲಿ ಈ ಕೊರತೆ ಅಷ್ಟಾಗಿ ಕಾಣದು. ಅಕ್ಷತೆ ಬೀಳುವ ಗಳಿಗೆ ನೋಡಿ: ಬಿಡಿಬಿಡಿಯಾಗಿರಬೇಕಾದ ಅಕ್ಕಿಕಾಳು ಒಂದಕ್ಕೊಂದು ಕಲಸಿ ಚೌಕಗಳಾಗುತ್ತವೆ, ಮದುಮಗಳ ಸೀರೆಯ ಜರಿಯಂಚು ಕರಗಿಹೋಗುತ್ತದೆ. ಫೋನಿನಲ್ಲೂ ಜಾಗ ಉಳಿಸುವ ಆಯ್ಕೆಗೆ ಇದೇ ಮಾತು. ಇನ್ನೊಂದು ಮೆಮೊರಿ ಕಾರ್ಡ್ ಕೊಳ್ಳಬಹುದು, ಮುಹೂರ್ತವನ್ನು ಮತ್ತೊಮ್ಮೆ ನಡೆಸಲಾಗದು.

ಹಳೆಯ ಕ್ಯಾಮೆರಾ ಎಲ್ಲದರಲ್ಲೂ ಹಿಂದೆ ಎಂದೂ ತಿಳಿಯಬೇಡಿ. ಇಂದಿನ ಸೀಮಾಸ್ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರಿನ ರೆಕ್ಕೆ ಬಾಗಿದಂತೆ ಕಾಣುತ್ತದೆ. ಹಳೆಯ ಸಿಸಿಡಿ ಹ್ಯಾಂಡಿಕ್ಯಾಮ್‌ಗಳಲ್ಲಿ ಆ ರೆಕ್ಕೆ ನೆಟ್ಟಗೇ ಬರುತ್ತಿತ್ತು.

ಅಂಗಡಿಯವರಲ್ಲಿ ನನ್ನ ಕೋರಿಕೆ: ಗಿರಾಕಿ ತನ್ನದೇ ಕಾರ್ಡ್ ಹಾಕಿ ಎರಡು ಮೂರು ಮೋಡ್‌ನಲ್ಲಿ ತೆಗೆದು, ಮನೆಯ ಟಿವಿಯಲ್ಲಿ ನೋಡಿ ಬರಲು ಬಿಡಿ. ಡಿಜಿಟಲ್ ಝೂಮ್ ಬರೀ ಹಿಗ್ಗಿಸಿದ ಚಿತ್ರ ಎಂದು ಬಾಯಿಬಿಟ್ಟು ಹೇಳಿ, ಆಪ್ಟಿಕಲ್ ಝೂಮ್ ಎಷ್ಟೆಂದು ತೋರಿಸಿ. ತಯಾರಕರು ಭಾರತದಲ್ಲಿ ಮಾರುವ ಪ್ರತಿಯೊಂದು ಫೋನ್, ಕ್ಯಾಮೆರಾವನ್ನೂ ಮೊದಲೇ 50 ಹರ್ಟ್ಸ್‌ಗೆ ಹೊಂದಿಸಿ ಕಳುಹಿಸಲಿ. ದುಡ್ಡು ಕೊಟ್ಟು ಕೊಂಡವರು ಮಂಟಪದ ನಡುವೆ ನಿಂತು ಸೆಟ್ಟಿಂಗ್ ಹುಡುಕುವಂತಾಗಬಾರದು.