ಮಾವನವರ ಕಾರಿಗೆ ಇಂಡಿಕೇಟರ್ ಬಂತು



ಕಳೆದ ಸಂಚಿಕೆಯಲ್ಲಿ ಮಿಡಿ ಉಪ್ಪಿನಕಾಯಿ ವರ್ಷವಿಡೀ ಕೆಡದಂತೆ ಇಡುವುದು ಹೇಗೆಂದು ಬರೆದಿದ್ದೆ. ಈ ಸಲ ಸಾರಿಲ್ಲ, ಹುಳಿಯಿಲ್ಲ. ಕಾರಿನ ವಿಷಯ! "ಇದೇನಪ್ಪಾ, ಒಲೆ ಬಿಟ್ಟು ಗ್ಯಾರೇಜಿಗೆ ಹೊರಟಳಲ್ಲ ಇವಳು" ಅಂತ ಹುಬ್ಬೇರಿಸಬೇಡಿ. ಪೂರ್ತಿ ಓದಿ, ಆಮೇಲೆ ಬೈಯುವಿರಂತೆ.

ನಮ್ಮ ಮನೆಯಲ್ಲಿ 1954ರ ಮಾಡೆಲ್ ಮೋರಿಸ್ ಮೈನರ್ ಕಾರೊಂದಿದೆ. ಮಾವನವರು ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಹಾಕಿದ ಹೊಸತರಲ್ಲಿ, 1970ರಲ್ಲಿ, ಸೆಕೆಂಡ್ ಹ್ಯಾಂಡ್ ಕೊಂಡದ್ದು. ನಮ್ಮವರು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲೇ. ನಾನು ಸೇರು ಒದ್ದು ಮನೆ ತುಂಬಲು ಬಂದಿಳಿದದ್ದೂ ಅದರಿಂದಲೇ. ಮಾವನವರಿಗೀಗ ಎಂಬತ್ತೆರಡು. ಬೆಳಿಗ್ಗೆ ಕಾಫಿ ಕುಡಿದು ಆ ಕಾರನ್ನು ಒರೆಸದಿದ್ದರೆ ಅವರಿಗೆ ತಿಂಡಿ ಸೇರುವುದಿಲ್ಲ.

ಆ ಕಾರಿಗೆ ಈಗಿನವುಗಳ ಹಾಗೆ ಮಿಣುಕುವ ದೀಪ ಇರಲಿಲ್ಲ. ಮುಂದಿನ ಬಾಗಿಲ ಹಿಂದಿನ ಕಂಬದಲ್ಲಿ, ಆಚೆಗೊಂದು ಈಚೆಗೊಂದು ಪುಟ್ಟ ಕೈ ಅಡಗಿರುತ್ತದೆ. ಸ್ವಿಚ್ಚು ಹಾಕಿದರೆ ಒಳಗಿನ ತಂತಿಸುರುಳಿ ಅಯಸ್ಕಾಂತವಾಗಿ ಕೈಯನ್ನು ಮೇಲಕ್ಕೆಳೆಯುತ್ತದೆ. ಕೈಯೊಳಗೆ 3 ವ್ಯಾಟಿನ ಸಣ್ಣ ಬಲ್ಬು. ಇದಕ್ಕೆ ಟ್ರಾಫಿಕೇಟರ್ ಅಂತಾರೆ. ನಮ್ಮ ಮಕ್ಕಳು ಮಾತ್ರ "ತಾತನ ಕಾರಿನ ಕಿವಿ" ಅನ್ನುತ್ತಾರೆ. ಮೋರಿಸ್ ಮೈನರ್ ಕಾರುಗಳಿಗೆ ಕಾರ್ಖಾನೆಯಲ್ಲೇ ಮಿಣುಕು ದೀಪ ಬಂದದ್ದು 1961ರಲ್ಲಿ.

ಒಂದು ವಿಷಯ ಕೇಳಿ. ಇಂಥ ಕೈಯನ್ನು ಕಾರಿಗೆ ಮೊದಮೊದಲು ಯೋಚಿಸಿದವರಲ್ಲಿ ಒಬ್ಬ ಹೆಂಗಸೂ ಇದ್ದಳು! ಮೂಕಿ ಚಿತ್ರಗಳ ನಟಿ ಫ್ಲಾರೆನ್ಸ್ ಲಾರೆನ್ಸ್, ಸುಮಾರು 1914ರಲ್ಲಿ, ಗುಂಡಿ ಒತ್ತಿದರೆ ಕಾರಿನ ಹಿಂದೆ ಏಳುವ ಕೈಯೊಂದನ್ನು ಮಾಡಿಕೊಂಡಿದ್ದಳಂತೆ. ಪೇಟೆಂಟು ಮಾಡಿಸಲಿಲ್ಲ. ನಮ್ಮ ಹೆಂಗಸರ ಹಣೆಬರಹವೇ ಇಷ್ಟು ನೋಡಿ, ಮಾಡುತ್ತೇವೆ, ಬರೆದಿಡುವುದಿಲ್ಲ.

ಇರಲಿ. ಕಾರ್ತಿಕದಲ್ಲಿ ಒಂದು ಸಂಜೆ, ಅತ್ತೆಯವರ ತವರಿನಿಂದ ಹಿಂತಿರುಗುತ್ತಿದ್ದೆವು. ನಮ್ಮವರು ಕಾರು ಓಡಿಸುತ್ತಿದ್ದರು. ಕತ್ತಲೆ ಕವಿಯುವ ಹೊತ್ತು. ದೊಡ್ಡ ರಸ್ತೆಯಿಂದ ನಮ್ಮ ಬೀದಿಗೆ ಬಲಕ್ಕೆ ತಿರುಗಬೇಕು. ಸ್ವಿಚ್ಚು ಹಾಕಿದ್ದಾಯಿತು, ಕೈ ಅರ್ಧಕ್ಕೇ ಎದ್ದು ನಿಂತಿದೆ. ಒಳಗಿದ್ದ ನಮಗೆ ಗೊತ್ತಾಗಲಿಲ್ಲ. ತಿರುಗಿಸುವಷ್ಟರಲ್ಲಿ ಹಿಂದಿನಿಂದ ಹಾಲು ಹಾಕುವ ಹುಡುಗ ಬೈಕಿನಲ್ಲಿ ಬಲಗಡೆಯಿಂದಲೇ ಬಂದ! ನಮ್ಮವರು ಬ್ರೇಕ್ ಒತ್ತಿದರು, ಅವನು ಪಕ್ಕಕ್ಕೆಳೆದ. ಕ್ಯಾನು ಉರುಳಿ ಹಾಲೆಲ್ಲ ರಸ್ತೆಗೆ. ಅವನ ಮೊಣಕಾಲು ತರಚಿತು. ದೇವರು ದೊಡ್ಡವನು, ಅಷ್ಟಕ್ಕೇ ಮುಗಿಯಿತು. ಹುಡುಗ ಅಳುವ ದನಿಯಲ್ಲಿ ಕೇಳಿದ: "ಸಿಗ್ನಲ್ ಹಾಕೋಕಾಗಲ್ವಾ ಸಾರ್?"

ಹಾಲಿನ ದುಡ್ಡು ಕೊಟ್ಟು, ಗಾಯಕ್ಕೆ ಔಷಧಿ ಹಚ್ಚಿಸಿ ಕಳಿಸಿದೆವು. ಮಾವನವರು ಒಂದು ಮಾತೂ ಆಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ "ಮಾರಿಬಿಡೋ ಅದನ್ನ" ಅಂದರು. ಮಾರನೇ ಬೆಳಿಗ್ಗೆ ಕಾರು ಒರೆಸಲಿಲ್ಲ. ಅದರ ಮರುದಿನವೂ ಇಲ್ಲ.

ನನಗೆ ಹೊಟ್ಟೆಯೊಳಗೆ ಕಿವುಚಿದ ಹಾಗಾಯಿತು. ನಮ್ಮವರು "ಅಪ್ಪಾ, ಇಂಡಿಕೇಟರ್ ಹಾಕಿಸೋಣ" ಎಂದರೆ, "ಅದರ ಮೈಗೆ ತೂತು ಕೊರೆಯೋದಾದ್ರೆ ಬೇಡ" ಎಂದು ಎದ್ದು ಹೋದರು. ಅವರು ಹೇಳಿದ್ದರಲ್ಲೂ ನ್ಯಾಯವಿದೆ. 50 ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಕಾರು ಮೂಲ ರೂಪದಲ್ಲೇ ಇರಬೇಕು, ಷಾಸಿ, ಬಾಡಿ, ಎಂಜಿನ್ನಿಗೆ ದೊಡ್ಡ ಬದಲಾವಣೆ ಮಾಡಿರಬಾರದು ಎಂದು ಅದರಲ್ಲಿದೆ. ಹಾಗಾಗಿ ತೂತು ಕೊರೆಯದೆ ದೀಪ ಕೂರಿಸುವ ದಾರಿ ಹುಡುಕಬೇಕಾಯಿತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮಗಳ ಹತ್ತನೇ ತರಗತಿಯ ವಿಜ್ಞಾನದ ಪುಸ್ತಕ ತೆಗೆದುಕೊಂಡು, ಕುಕ್ಕರ್ ಕೂಗುವ ಮಧ್ಯೆ ಲೆಕ್ಕ ಹಾಕಿದೆ. ಒಂದು ಇಂಡಿಕೇಟರ್ ಬಲ್ಬು 21 ವ್ಯಾಟು. ಒಂದು ಪಕ್ಕಕ್ಕೆ ಹಿಂದೆ ಮುಂದೆ ಸೇರಿ 42. ಕಾರಿನ ಬ್ಯಾಟರಿ 12 ವೋಲ್ಟು. ಭಾಗಿಸಿದರೆ ಮೂರೂವರೆ ಆಂಪಿಯರ್. ನಮ್ಮ ಮನೆಯ 500 ವ್ಯಾಟಿನ ಮಿಕ್ಸಿ 230 ವೋಲ್ಟಿನಲ್ಲಿ ಎಳೆಯುವುದು ಎರಡು ಆಂಪಿಯರಿಗಿಂತ ಚೂರು ಹೆಚ್ಚು, ಅಷ್ಟೆ! ಅಂದ್ರೆ ಈ ಪುಟ್ಟ ದೀಪಗಳಿಗೆ ಮಿಕ್ಸಿಗಿಂತ ಜಾಸ್ತಿ ಕರೆಂಟು ಹರಿಯಬೇಕು. ಗೌರಿ ಹಬ್ಬಕ್ಕೆ ಹಾಕುವ ಸೀರಿಯಲ್ ಸೆಟ್ಟಿನ ಎಳೆ ತಂತಿ ಇಲ್ಲಿ ನಡೆಯುವುದಿಲ್ಲ. 1 ಚದರ ಮಿಲಿಮೀಟರ್ ದಪ್ಪದ ಕಾರಿನ ವೈರೇ ಬೇಕು.

ಜೋಡಣೆ ಕಷ್ಟವೇನಲ್ಲ. ಕಾರಿನ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ, ಫ್ಯೂಸಿನ ಆಚೆ ಕಡೆಯ ಜಾಗದಿಂದ ಒಂದು ವೈರು ಫ್ಲ್ಯಾಷರ್ ಎಂಬ ಸಣ್ಣ ಡಬ್ಬಿಗೆ. ಅಲ್ಲಿಂದ ಸ್ಟೀರಿಂಗ್ ಕಂಬಕ್ಕೆ ಪಟ್ಟಿ ಹಾಕಿ ಬಿಗಿಯುವ ಕಡ್ಡಿ ಸ್ವಿಚ್ಚಿಗೆ. ಸ್ವಿಚ್ಚಿನಿಂದ ಎಡಕ್ಕೊಂದು ಕವಲು, ಬಲಕ್ಕೊಂದು ಕವಲು. ಒಂದೊಂದು ಕವಲೂ ಮುಂದಿನ ದೀಪಕ್ಕೂ ಹಿಂದಿನ ದೀಪಕ್ಕೂ ಹೋಗುತ್ತದೆ. ಮನೆಗೆ ನಲ್ಲಿ ಪೈಪು ಎಳೆದ ಹಾಗೇ ಅನ್ನಿ. ದೀಪಗಳನ್ನು ಬಂಪರಿನ ಬೋಲ್ಟಿಗೇ ಕಬ್ಬಿಣದ ಪಟ್ಟಿ ಸಿಕ್ಕಿಸಿ ಕೂರಿಸುವುದೆಂದಾಯಿತು. ಒಂದು ತೂತೂ ಬೇಡ.

ಬ್ಯಾಟರಿ ಅಂಗಡಿಯ ಹುಡುಗ ಬಂದು ಎಲ್ಲ ಹಾಕಿದ. ಸ್ವಿಚ್ಚು ಒತ್ತಿದರೆ ದೀಪ ಮಿಣುಕಲೇ ಇಲ್ಲ! ಬಾನೆಟ್ ಎತ್ತಿ ನೋಡಿ, "ಯಾರೋ ಬ್ಯಾಟರೀನ ಉಲ್ಟಾ ಹಾಕಿದಾರಕ್ಕಾ, ತಿರುಗಿಸಿ ಹಾಕ್ತೀನಿ" ಎಂದು ಸ್ಪ್ಯಾನರ್ ತೆಗೆದ. ಜಗುಲಿಯ ಮೇಲೆ ಪೇಪರ್ ಹಿಡಿದು, ನಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕೂತಿದ್ದ ಮಾವನವರು, "ಏಯ್! ಮುಟ್ಟಬೇಡ!" ಎಂದು ಕೂಗಿಕೊಂಡು ಚಪ್ಪಲಿಯೂ ಇಲ್ಲದೆ ಇಳಿದು ಬಂದರು. "ಅದು ಉಲ್ಟಾ ಅಲ್ಲಪ್ಪ, ಅದರ ಹುಟ್ಟೇ ಹಾಗೆ."

ನಿಜ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ಸು ಕಾರಿನ ಮೈಗೆ ಸೇರಿರುತ್ತದೆ. ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಸಾಮಾನ್ಯವಾಗಿ ಪ್ಲಸ್ಸು ಸೇರಿರುತ್ತದೆ. ಹಾಗೇ ತಿರುಗಿಸಿದ್ದರೆ ಡೈನಮೋ, ಕಟೌಟು ಹಾಳಾಗುತ್ತಿದ್ದವು. ಹುಡುಗ ತಂದಿದ್ದು ಹೊಸ ಎಲೆಕ್ಟ್ರಾನಿಕ್ ಫ್ಲ್ಯಾಷರ್, ಅದಕ್ಕೆ ಪ್ಲಸ್ಸು ಮೈನಸ್ಸು ಬದಲಾದರೆ ನಡೆಯುವುದಿಲ್ಲ. ಹಳೇ ಮಾದರಿಯದರಲ್ಲಿ ಒಳಗಿನ ತಂತಿ ಬಿಸಿಯಾಗಿ, ತಣ್ಣಗಾಗಿ ದೀಪವನ್ನು ಹಚ್ಚಿ ಆರಿಸುತ್ತದೆ. ಅದಕ್ಕೆ ಯಾವ ಕಡೆಯಾದರೂ ಒಂದೇ. ಅದನ್ನೇ ತರಿಸಿದೆವು.

ಆಮೇಲೆ ಇನ್ನೊಂದು ಫಜೀತಿ. ಹುಡುಗ ಉತ್ಸಾಹದಲ್ಲಿ ಹಳೇ ಕೈಯ ವೈರನ್ನೂ ಇದಕ್ಕೇ ಸೇರಿಸಿದ. ದೀಪ ಮಿಣುಕಿದಾಗಲೆಲ್ಲ ಆ ಕೈಯೂ ಪಟಪಟ ಎದ್ದು ಬಿದ್ದು, ಹಾರಲಾರದ ಕೋಳಿಯ ರೆಕ್ಕೆಯ ಹಾಗಾಯಿತು! ಅತ್ತೆಯವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಾವನವರಿಗೂ ತಡೆಯಲಾಗಲಿಲ್ಲ. ಎಷ್ಟೋ ದಿನಗಳ ಮೇಲೆ ಅವರ ನಗು ಕೇಳಿದ್ದು. ಆ ವೈರು ಬಿಡಿಸಿ ಹಳೇ ಸ್ವಿಚ್ಚಿಗೇ ಬಿಟ್ಟೆವು.

ಕೊನೆಗೆ ಹಿಂದಿನ ಎಡ ದೀಪ ಮಂಕು. ಬಲ್ಬು ಬದಲಿಸಿದರೂ ಅಷ್ಟೇ. ನನಗೆ ನಮ್ಮ ಹಳೇ ಇಸ್ತ್ರಿಪೆಟ್ಟಿಗೆ ನೆನಪಾಯಿತು. ಪಿನ್ನಿಗೆ ಕಿಲುಬು ಹಿಡಿದು ಅದೂ ಹೀಗೇ ಸತಾಯಿಸುತ್ತಿತ್ತು. ಪಟ್ಟಿಯ ಕೆಳಗೆ ಬಣ್ಣ ಇದೆಯಲ್ಲ, ಕರೆಂಟು ಹಿಂತಿರುಗುವುದೆಲ್ಲಿಂದ? ಬಣ್ಣ ಬಳಿದ ಪಟ್ಟಿಯನ್ನು ನಂಬದೆ, ದೀಪದಿಂದ ಕಾರಿನ ಬರೀ ಕಬ್ಬಿಣಕ್ಕೆ ಬೇರೆಯೇ ಅರ್ಥ್ ವೈರು ಎಳೆಸಿದೆ. ಥಟ್ಟನೆ ಪ್ರಕಾಶವಾಗಿ ಹತ್ತಿತು. ಮಾವನವರು ಗಡಿಯಾರ ಹಿಡಿದು ಎಣಿಸಿದರು. ನಿಮಿಷಕ್ಕೆ ಎಂಬತ್ತು ಸಲ. ನಿಯಮದಂತೆ 60ರಿಂದ 120ರೊಳಗೆ ಇರಬೇಕು.

ನಿಮ್ಮ ಮನೆಯಲ್ಲೂ ಹಳೇ ಕಾರಿದ್ದರೆ ಈ ಐದು ಮಾತು ಕತ್ತರಿಸಿಟ್ಟುಕೊಳ್ಳಿ:

1. ಕೆಲಸಕ್ಕೆ ಮುಂಚೆ ಬ್ಯಾಟರಿಯ ಅರ್ಥ್ ಕಡೆಯ ವೈರನ್ನು ಮೊದಲು ಬಿಚ್ಚಿಸಿ. ಅದು ಪ್ಲಸ್ಸೋ ಮೈನಸ್ಸೋ ಕಣ್ಣಾರೆ ನೋಡಿ.

2. ಬ್ಯಾಟರಿ 6 ವೋಲ್ಟಿನದಾದರೆ ಬಲ್ಬು, ಫ್ಲ್ಯಾಷರ್ ಎರಡೂ 6 ವೋಲ್ಟಿನದೇ ಇರಲಿ. ಕರೆಂಟು ಎರಡರಷ್ಟಾಗುತ್ತದೆ, ವೈರು ಇನ್ನೂ ದಪ್ಪ ಬೇಕು.

3. ತಂತಿ ಕಾಯುವ ಹಳೇ ಫ್ಲ್ಯಾಷರಿಗೆ ಎಲ್‌ಇಡಿ ಬಲ್ಬು ಹಾಕಬೇಡಿ. ಎಳೆಯುವ ಕರೆಂಟು ಸಾಲದೆ ಸರಿಯಾಗಿ ಮಿಣುಕುವುದಿಲ್ಲ.

4. ಮಿಣುಕುವ ಗತಿ ಇದ್ದಕ್ಕಿದ್ದಂತೆ ಬದಲಾದರೆ ಒಂದು ಬಲ್ಬು ಹೋಗಿದೆ, ಇಲ್ಲವೇ ಅರ್ಥ್ ಸಡಿಲವಾಗಿದೆ ಎಂದು ತಿಳಿಯಿರಿ.

5. ಪಟ್ಟಿ ಹಾಕಿ ಬಿಗಿದ ಸ್ವಿಚ್ಚು ತಿರುವು ಮುಗಿದ ಮೇಲೆ ತಾನಾಗಿ ಆರದಿದ್ದರೆ, ಎದುರಿಗೊಂದು ಸಣ್ಣ ಸೂಚನಾ ದೀಪ ಹಾಕಿಸಿ. ನಮ್ಮಲ್ಲಿ ಅದರ ಜೊತೆಗೆ, ಹಿಂದಿನ ಸೀಟಿನಲ್ಲಿ ಅತ್ತೆಯವರಿದ್ದಾರೆ: "ದೀಪ ಆರಿಸಿದೆಯೇನೋ?"

ಮೊದಲ ಸಲ ಸಂಜೆ ಹೊತ್ತಿನಲ್ಲಿ ಕಾರು ತೆಗೆದಾಗ ಮಾವನವರು ಮುಂದೆ ಕೂತು, "ಮೊದಲು ಆ ಹಾಲಿನ ಹುಡುಗನ ಮನೆ ಹತ್ರ ನಡಿ" ಅಂದರು. ಹುಡುಗ ಹೊರಗೆ ಬಂದ. ಮಾವನವರು ಕಾರಿನಿಂದಿಳಿದು ಅವನನ್ನು ದೂರ ನಿಲ್ಲಿಸಿ, ನಮ್ಮವರಿಗೆ ಬಲ ದೀಪ ಹಾಕಲು ಹೇಳಿದರು. "ಈಗ ಕಾಣ್ಸುತ್ತೇನಪ್ಪಾ?"

"ಚೆನ್ನಾಗಿ ಕಾಣ್ಸುತ್ತೆ ತಾತ."

"ಅಲ್ಲಿಂದಲೂ?"

"ಇಲ್ಲಿಂದಲೂ."

ಮರುದಿನ ಬೆಳಿಗ್ಗೆ ನಾನು ಕಾಫಿ ಲೋಟ ತೊಳೆಯುತ್ತಿದ್ದಾಗ ಹಿತ್ತಲ ಹಗ್ಗದ ಮೇಲಿದ್ದ ಕಾರೊರೆಸುವ ಬಟ್ಟೆ ಕಾಣೆಯಾಗಿತ್ತು. ಯಾರು ತೆಗೆದರೆಂದು ನಾನು ಕೇಳಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಖಂಡಿತ ಅಡುಗೆಮನೆಗೆ ಹಿಂತಿರುಗುತ್ತೇನೆ. ಒಣಕೊಬ್ಬರಿ ಮುಗ್ಗುಲು ಹಿಡಿಯದ ಹಾಗೆ ಮಳೆಗಾಲ ಕಳೆಯುವುದು ಹೇಗೆ ಎಂದು ಹೇಳುವೆ. ಬರಲೇ?