ತಟ್ಟೆಯ ಹಿಂಬದಿಯ ಹಾಡುಗಳು

ಗ್ರಾಮೊಫೋನು ತಟ್ಟೆಗೆ ಎರಡು ಮುಖಗಳಿರುವುದನ್ನು ವಾಚಕರು ಬಲ್ಲರು. ಜನರು ಮೆಚ್ಚಿ ಕೊಳ್ಳಲೆಂದು ಒಂದು ಹಾಡನ್ನು ಮುಂಬದಿಗೆ ಹಾಕುವರು. ಬರಿದಾಗಿರಬಾರದೆಂದು ಮತ್ತೊಂದನ್ನು ಹಿಂಬದಿಗೆ ತುಂಬುವರು. ತಟ್ಟೆಯ ಕಾಲ ಕಳೆದು ಸಿ.ಡಿ. ಬಂದ ಮೇಲೆಯೂ ಪಾಶ್ಚಾತ್ಯರು ಇಂಥ ಜೊತೆಯ ಹಾಡುಗಳನ್ನು ‘ಬಿ-ಸೈಡ್’ ಎಂದೇ ಕರೆದರು. ಹಿಂಬದಿಯ ಹಾಡುಗಳದೇ ಒಂದು ಸಂಕಲನವು ವಿಮರ್ಶಕರಿಂದ ಪಡೆದ ಮನ್ನಣೆಯನ್ನು ಈ ತಿಂಗಳು ವಿಚಾರ ಮಾಡೋಣ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ‘ಓಯಸಿಸ್’ ಎಂಬ ರಾಕ್ ಮೇಳದಲ್ಲಿ ಅಣ್ಣನಾದ ನೋಯೆಲ್ ಗ್ಯಾಲಗರ್ ಹಾಡು ಕಟ್ಟುವವನು. ತಮ್ಮನಾದ ಲಿಯಮ್ ಮುಖ್ಯ ಗಾಯಕನು. 1997ರ ಆಗಸ್ಟಿನಲ್ಲಿ ಇವರ ಮೂರನೆಯ ಆಲ್ಬಮ್ ‘ಬಿ ಹಿಯರ್ ನೌ’ ಹೊರಬಂದಿತು. ಮೊದಲ ದಿನವೇ ಬ್ರಿಟನ್ನಿನಲ್ಲಿ 4 ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಮಾರಾಟವಾದುವು. ಪತ್ರಿಕೆಗಳು ಸ್ತುತಿಯ ಮಳೆಗರೆದುವು. ಸ್ವಲ್ಪ ಕಾಲದಲ್ಲಿಯೇ ಆ ಕೃತಿಯು ಅತಿದೀರ್ಘವೆಂದೂ ಬರಿಯ ಗದ್ದಲವೆಂದೂ ನಿಂದೆಗೆ ಗುರಿಯಾಯಿತು.

ಹೀಗಿರಲು 1998ರ ನವೆಂಬರಿನಲ್ಲಿ ಹಿಂಬದಿಯ 14 ಹಾಡುಗಳನ್ನು ಕೂಡಿಸಿ ‘ದಿ ಮಾಸ್ಟರ್‌ಪ್ಲಾನ್’ ಎಂಬ ಸಂಕಲನವನ್ನು ಹೊರತಂದರು. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅದು 2ನೆಯ ಸ್ಥಾನಕ್ಕೇರಿತು. ಮುಂಬದಿಯ ಕೃತಿಗಿಂತ ಈ ಹಿಂಬದಿಯವುಗಳೇ ಮೇಲೆಂದು ಹಲವರು ವಿಮರ್ಶಕರು ಬರೆದರು. ಸಂಕಲನಕ್ಕೆ ಹೆಸರನ್ನಿತ್ತ ಹಾಡು 1995ರಲ್ಲಿ ‘ವಂಡರ್‌ವಾಲ್’ ಎಂಬ ಪ್ರಸಿದ್ಧ ಗೀತದ ಬೆನ್ನಿಗೆ ಅಡಗಿತ್ತು. ಇಂಥವನ್ನು ಹಿಂದೆ ಹಾಕಿ ವ್ಯಯಮಾಡಿದೆನೆಂದು ನೋಯೆಲನೇ ಮುಂದೆ ಪರಿತಪಿಸಿದನು.

ಸಂಕಲನದಲ್ಲಿ ಜೊಳ್ಳಿಲ್ಲವೆಂದು ನಾವು ಹೇಳೆವು. ‘ದಿ ಸ್ವಾಂಪ್ ಸಾಂಗ್’ ಎಂಬ ಬರಿಯ ವಾದ್ಯದ ತುಣುಕನ್ನು ಬಿಟ್ಟಿದ್ದರೆ ನಷ್ಟವೇನಾಗುತ್ತಿತ್ತು? ಬೀಟಲ್ಸ್ ಮೇಳದವರ ‘ಐ ಆಮ್ ದಿ ವಾಲ್ರಸ್’ ಹಾಡನ್ನೂ ಇಲ್ಲಿ ಹಾಡಿರುವರು. ಅದು 1967ರಲ್ಲಿ ಅವರ ತಟ್ಟೆಯ ಹಿಂಬದಿಯಲ್ಲಿದ್ದ ಹಾಡೇ ಎಂಬುದು ವಿನೋದ.

ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಭಾವಕರನ್ನು ನಾಲ್ಕು ವಿಧವಾಗಿ ವಿಂಗಡಿಸುವನು: ಯಾವುದೂ ರುಚಿಸದ ಅರೋಚಕಿ, ಅನ್ನದೊಡನೆ ಹುಲ್ಲನ್ನೂ ನುಂಗುವ ಸತೃಣಾಭ್ಯವಹಾರಿ, ಗುಣವನ್ನು ಕಂಡೂ ನುಡಿಯದ ಮತ್ಸರಿ, ತತ್ತ್ವವನ್ನೇ ಅರಸುವ ತತ್ತ್ವಾಭಿನಿವೇಶಿ. ‘ಬಿ ಹಿಯರ್ ನೌ’ ಬಂದಾಗ ಹುಲ್ಲನ್ನು ನುಂಗಿದವರೇ ಮರುವರ್ಷ ಅರೋಚಕಿಗಳಾದರು. ನಾಲ್ಕನೆಯ ಬಗೆಯವನು ಮಾತ್ರ ತಟ್ಟೆಯನ್ನು ತಿರುಗಿಸಿ ಹಾಕಿ ಕೇಳುವನು.

ಪರರನ್ನು ದೂಷಿಸುವ ಮುನ್ನ ನಮ್ಮ ತಪ್ಪನ್ನೂ ಒಪ್ಪಬೇಕು. ಉಪಾಧ್ಯಾಯರಾಗಿದ್ದಾಗ ಉತ್ತರಪತ್ರಿಕೆಯ ಮೇಲಿನ ಹೆಸರನ್ನು ಮೊದಲು ನೋಡಿ, ಉತ್ತರವನ್ನು ಆಮೇಲೆ ಓದಿದ ದಿನಗಳುಂಟು. ಜಾಣನೆನಿಸಿಕೊಂಡ ಹುಡುಗನ ಜೊಳ್ಳಿಗೆ ಅಂಕವಿತ್ತೆವು; ಹಿಂದಿನ ಮಣೆಯವನ ಒಳ್ಳೆಯ ವಾಕ್ಯವನ್ನು ಎರವಲೆಂದು ಶಂಕಿಸಿದೆವು. ಆ ಅಂಕಗಳನ್ನು ಈಗ ತಿದ್ದುವವರಾರು?

ಈ ಸಹೋದರರು 2009ರಲ್ಲಿ ಜಗಳವಾಡಿ ಅಗಲಿದರು. ಹದಿನಾರು ವರ್ಷಗಳಾದ ಮೇಲೆ, 2025ರ ಜುಲೈ 4ರಂದು, ಕಾರ್ಡಿಫ್ ನಗರದಲ್ಲಿ ಮತ್ತೆ ಒಂದೇ ವೇದಿಕೆಯನ್ನೇರಿದರು. ಅಂದಿನ ಎರಡನೆಯ ಹಾಡು ‘ಆಕ್ವಿಯೆಸ್’. ಈ ಸಂಕಲನದ ಮೊದಲನೆಯದು. ಚರಣವನ್ನು ತಮ್ಮನು ಹಾಡಿದರೆ ಪಲ್ಲವಿಯನ್ನು ಅಣ್ಣನು ಹಾಡುವನು. ಒಬ್ಬನಿಲ್ಲದೆ ಮತ್ತೊಬ್ಬನಿಂದ ಅದು ಪೂರ್ಣವಾಗದು. ಅವರನ್ನು ಕೂಡಿಸಿದ ರಾತ್ರಿಗೆ ಒದಗಿದುದು ಹಿಂಬದಿಯ ಹಾಡು.

ಮನೆಯಲ್ಲಿಯೂ ನಾವು ಯಾರನ್ನೋ ಹಿಂಬದಿಗೆ ಹಾಕಿ ಮರೆತಿರುವುದುಂಟು. ವಾಚಕರು ಒಮ್ಮೆ ತಟ್ಟೆಯನ್ನು ತಿರುಗಿಸಿ ಕೇಳಲಿ.